ಆ ಒಂದು ಪುಟದ ನೋಟ್ಸ್‌ನಲ್ಲಿ ತಪ್ಪಿದೆ

ನರ್ಸಿಂಗ್ ಪದವಿ ವಿದ್ಯಾರ್ಥಿಗಳ ಗುಂಪುಗಳಲ್ಲಿ ಒಂದು ಪುಟದ ನೋಟ್ಸ್ ಓಡಾಡುತ್ತಿದೆ. 'ಚಿಕಿತ್ಸೆ ನಿಲ್ಲಿಸಿದ ಮೇಲೆ ಪ್ಯಾಲಿಯೇಟಿವ್ ಕೇರ್ ಶುರು. ಮಾರ್ಫಿನ್ ಕೊಟ್ಟರೆ ಸಾವು ಬೇಗ' ಅಂತ ಅದರಲ್ಲಿದೆ. ಪ್ಯಾಲಿಯೇಟಿವ್ ಕೇರ್ ಅಂದರೆ ಗಂಭೀರ ಕಾಯಿಲೆ ಇರುವವರ ನೋವು, ಸಂಕಟ ಕಡಿಮೆ ಮಾಡುವ ಆರೈಕೆ. ಮಾರ್ಫಿನ್ ಅಂದರೆ ತೀವ್ರ ನೋವಿಗೆ ಕೊಡುವ ಔಷಧ. ಮೊದಲ ಸಾಲು ಹಿಂದೆ ಪಾಠದ ಅವಸರದಲ್ಲಿ ನಾನೇ ಬರೆಸಿದ್ದು. ಎರಡೂ ತಪ್ಪು.

ಕಾಯಿಲೆಯ ಆರಂಭದಲ್ಲೇ, ಕೀಮೋ, ರೇಡಿಯೇಶನ್ ಜೊತೆಜೊತೆಗೇ ಈ ಆರೈಕೆ ಕೊಡಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ 2002ರಲ್ಲೇ ಹೇಳಿದೆ. ಸಾವನ್ನು ಬೇಗ ತರುವುದೂ ಇದರ ಉದ್ದೇಶವಲ್ಲ, ಮುಂದೂಡುವುದೂ ಅಲ್ಲ ಎಂದೂ ಹೇಳಿದೆ. ಕ್ಯಾನ್ಸರ್‌ಗೆ ಮಾತ್ರವೂ ಅಲ್ಲ. ಹೃದಯ, ಕಿಡ್ನಿ ಕಾಯಿಲೆಗೂ ಬೇಕು.

ಮಾರ್ಫಿನ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ನೋವಿಗೆ ತಕ್ಕ ಡೋಸ್‌ನಿಂದ ಶುರುಮಾಡಿ ನಿಧಾನಕ್ಕೆ ಏರಿಸಿದರೆ ಸುಮ್ನೆ ಹೆದರಬೇಕಿಲ್ಲ. ಡೋಸ್ ಹೆಚ್ಚಾದರೆ, ಉಸಿರಾಟ ನಿಧಾನವಾಗುವ ಮೊದಲು ಸಾಮಾನ್ಯವಾಗಿ ಮಂಪರು ಹೆಚ್ಚುತ್ತದೆ. ಅದಕ್ಕೇ ರೋಗಿಯನ್ನು ಮಾತಾಡಿಸಿ ನೋಡಿ, ಉಸಿರನ್ನು ಪೂರ್ತಿ ಒಂದು ನಿಮಿಷ ಎಣಿಸಿ ಅನ್ನುವುದು. ಮಾರ್ಫಿನ್‌ನ ಅಡ್ಡಪರಿಣಾಮಗಳಲ್ಲಿ ಬಿಡದೆ ಕಾಡುವುದು ಮಲಬದ್ಧತೆ. ಅದಕ್ಕೆ ಮೊದಲ ದಿನವೇ ಔಷಧ ಬರೆಸಿಕೊಳ್ಳಿ. ಉತ್ತರ ಪತ್ರಿಕೆಯಲ್ಲಿ ಇದನ್ನು ಬರೆಯಲು ಮುಜುಗರ, ಅಲ್ವಾ? ರೋಗಿಗೆ ಮಾತ್ರ ದಿನವೂ ಅದೇ ಚಿಂತೆ.

ಹಳೇ ಪುಟ ಅಳಿಸಿ, ಫಾರ್ವರ್ಡ್ ಮಾಡಬೇಡಿ. ಯಾರಿಗಾದರೂ ಕಳಿಸಿದ್ದರೆ ಈ ಸ್ಪಷ್ಟನೆಯನ್ನೂ ಕಳಿಸಿ.