ಕಾಡಿಗೆ ಆರು ಹೆಸರು ಗೊತ್ತು, ಕಾಡಿನೊಳಗೆ ಏನಿದೆಯೋ ಗೊತ್ತಿಲ್ಲ

ಪ್ರತಿ ವರ್ಷ ಶಾಲೆ ಶುರುವಾದ ಕೂಡಲೇ ತಂದೆತಾಯಂದಿರು ಬಂದು ಕೇಳುವುದು ಇದನ್ನೇ: "ಮಿಸ್, ಇವನಿಗೆ ಕನ್ನಡ ಪದಗಳೇ ಗೊತ್ತಿಲ್ಲ. ಯಾವುದಾದರೂ ಪುಸ್ತಕ ಹೇಳಿ, ದಿನಕ್ಕೆ ಹತ್ತು ಪದ ಬರೆಸುತ್ತೇವೆ." ಅವರ ಕಾಳಜಿ ನಿಜವಾದದ್ದು. ಆದರೆ ಪ್ರಾಥಮಿಕ ಶಾಲೆಯಲ್ಲಿ ಕನ್ನಡ ಕಲಿಸುವ ನಾನು ಖಡಾಖಂಡಿತವಾಗಿ ಹೇಳುತ್ತೇನೆ, ಪದಪಟ್ಟಿ ಬಾಯಿಪಾಠ ಮಾಡಿಸಿದರೆ ಮಕ್ಕಳ ಪದಸಂಪತ್ತು ಬೆಳೆಯುವುದಿಲ್ಲ. ಪರೀಕ್ಷೆಯಲ್ಲಿ ಒಂದೆರಡು ಅಂಕ ಬರಬಹುದು, ಅಷ್ಟೇ.

ಐದನೇ ತರಗತಿಯ ಮಕ್ಕಳನ್ನು ಕಾಡು ಎಂಬುದಕ್ಕೆ ಸಮಾನಾರ್ಥಕ ಪದ ಕೇಳಿ ನೋಡಿ. ಅರಣ್ಯ, ಅಡವಿ, ವನ, ಕಾನನ, ವಿಪಿನ ಎಂದು ಒಂದೇ ಉಸಿರಿನಲ್ಲಿ ಒಪ್ಪಿಸುತ್ತಾರೆ. ಅದೇ ಮಕ್ಕಳಿಗೆ ಕಾಡಿನ ಬಗ್ಗೆ ಐದು ವಾಕ್ಯ ಬರೆಯಲು ಹೇಳಿದರೆ, "ಕಾಡಿನಲ್ಲಿ ಮರಗಳು ಇವೆ. ಪ್ರಾಣಿಗಳು ಇವೆ. ಕಾಡು ಚೆನ್ನಾಗಿದೆ" ಎನ್ನುವಷ್ಟರಲ್ಲಿ ಪೆನ್ಸಿಲ್ ನಿಂತುಬಿಡುತ್ತದೆ. ಪೊದೆ ಇಲ್ಲ, ಬಳ್ಳಿ ಇಲ್ಲ, ಹುತ್ತ, ಪೊಟರೆ, ತೊರೆ, ತರಗೆಲೆ, ಬಿದಿರ ಮೆಳೆ ಯಾವುದೂ ಇಲ್ಲ. ನಮ್ಮ ಶಾಲೆಯ ಹಿಂದೆ ದೊಡ್ಡದೊಂದು ಆಲದ ಮರವಿದೆ. ದಿನವೂ ಅದರ ಬಿಳಲು ಹಿಡಿದು ಜೀಕುವ ಹುಡುಗರು ಅದನ್ನು "ಹಗ್ಗ" ಎನ್ನುತ್ತಾರೆ. ಕೈಯಲ್ಲಿ ಹಿಡಿದದ್ದಕ್ಕೆ ಹೆಸರಿಲ್ಲ, ಎಂದೂ ಆಡದ "ವಿಪಿನ" ಮಾತ್ರ ನಾಲಿಗೆಯ ತುದಿಯಲ್ಲಿದೆ. ಇದು ಮಕ್ಕಳ ತಪ್ಪಲ್ಲ. ನಾವು ಅವರಿಗೆ ಕೊಟ್ಟಿರುವುದೇ ಅದನ್ನು.

ಮಗುವಿಗೆ ಬೇಕಾದದ್ದು ಒಂದನ್ನು ಇನ್ನೊಂದರಿಂದ ಬೇರ್ಪಡಿಸಿ ಹೇಳುವ ಪದಗಳು. ಅವು ಸಿಗುವುದು ಕೆಲಸದ ಜೊತೆಯ ಮಾತಿನಲ್ಲಿ, ಅದರಲ್ಲೂ ಅಡುಗೆಮನೆಯಲ್ಲಿ. ಅಲ್ಲಿ ಎಷ್ಟೊಂದು ಕ್ರಿಯಾಪದಗಳಿವೆ ಎಂದು ಒಮ್ಮೆ ಗಮನಿಸಿ. ಹುರುಳಿಕಾಯಿ ಹೆಚ್ಚುತ್ತೇವೆ, ಮೆಣಸಿನಕಾಯಿ ಸೀಳುತ್ತೇವೆ, ತೆಂಗಿನಕಾಯಿ ತುರಿಯುತ್ತೇವೆ, ಈರುಳ್ಳಿ ಸುಲಿಯುತ್ತೇವೆ, ಹೀರೆಕಾಯಿಯ ಏಣು ಹೆರೆಯುತ್ತೇವೆ, ಸೊಪ್ಪು ಬಿಡಿಸುತ್ತೇವೆ, ಕಾಫಿ ಸೋಸುತ್ತೇವೆ, ಬೇಯಿಸಿದ ಕಾಳಿನ ಕಟ್ಟು ಬಸಿಯುತ್ತೇವೆ, ಅಕ್ಕಿಯನ್ನು ಮೊರದಲ್ಲಿ ಕೇರುತ್ತೇವೆ, ಹಿಟ್ಟು ನಾದುತ್ತೇವೆ. ಒಂದೊಂದಕ್ಕೂ ಕೈಯ ಚಲನೆ ಬೇರೆ, ಪದ ಬೇರೆ. ಈಗ ಮಕ್ಕಳ ಬಾಯಲ್ಲಿ ಇವೆಲ್ಲ "ಕಟ್ ಮಾಡು", "ಮಿಕ್ಸ್ ಮಾಡು", "ಕ್ಲೀನ್ ಮಾಡು" ಆಗಿಬಿಟ್ಟಿವೆ. ಇಂಗ್ಲಿಷ್ ಪದ ಬಂತೆಂಬ ತಕರಾರು ನನ್ನದಲ್ಲ. ಬಸ್, ಪೆನ್ಸಿಲ್ ಎಂದು ನಾನೂ ಹೇಳುತ್ತೇನೆ. ಹತ್ತು ಬೇರೆ ಬೇರೆ ಕೆಲಸಗಳು ಒಂದೇ ಪದದಲ್ಲಿ ಮುಳುಗಿಹೋದರೆ ಆ ವ್ಯತ್ಯಾಸವನ್ನು ಮಗು ನೋಡುವುದನ್ನೇ ಬಿಡುತ್ತದೆ ಎಂಬುದು ನನ್ನ ಸಂಕಟ.

ಅವರೆಕಾಯಿ ಕಾಲದಲ್ಲಿ ಒಂದು ದಿನ ತರಗತಿಯಲ್ಲಿ "ನಿಮ್ಮ ಮನೆಯಲ್ಲಿ ನಿನ್ನೆ ಏನು ಅಡುಗೆ? ಹೇಗೆ ಮಾಡಿದರು?" ಎಂದು ಕೇಳಿದೆ. ಯಾವಾಗಲೂ ಹಿಂದಿನ ಸಾಲಿನಲ್ಲಿ ಮಾತಿಲ್ಲದೆ ಕೂರುವ ಹುಡುಗಿಯೊಬ್ಬಳು ಎದ್ದು ನಿಂತಳು. ಕಾಯಿ ಸುಲಿದು ಕಾಳು ಬಿಡಿಸಿದ್ದು, ರಾತ್ರಿ ನೀರಿನಲ್ಲಿ ನೆನೆಹಾಕಿದ್ದು, ಬೆಳಿಗ್ಗೆ ಅಜ್ಜಿಯ ಪಕ್ಕದಲ್ಲಿ ಕುಳಿತು ಹಿದುಕಿದ್ದು ಎಲ್ಲವನ್ನೂ ಹೇಳಿದಳು. ಹೆಬ್ಬೆರಳು, ತೋರುಬೆರಳು ಜೋಡಿಸಿ, "ಹೀಗೆ ಒತ್ತಿದರೆ ಬೇಳೆ ಚಿಮ್ಮುತ್ತದೆ ಮಿಸ್, ಸಿಪ್ಪೆ ಕೈಯಲ್ಲೇ ಉಳಿಯುತ್ತದೆ, ಕೆಲವು ಕಾಳು ನೆಂದಿರುವುದಿಲ್ಲ, ಅವು ಬಗ್ಗುವುದಿಲ್ಲ" ಎಂದಳು. ಸುಲಿ, ಬಿಡಿಸು, ನೆನೆಹಾಕು, ಹಿದುಕು, ಚಿಮ್ಮು, ಬಗ್ಗು: ಒಂದು ಸಾರಿನ ಕತೆಯಲ್ಲಿ ಇಷ್ಟು ಪದ! ಅವಳಿಗೆ ಯಾರೂ ಪದಪಾಠ ಮಾಡಿರಲಿಲ್ಲ. ಅಜ್ಜಿ ಪಕ್ಕದಲ್ಲಿ ಕೂರಿಸಿಕೊಂಡು ಕೆಲಸ ಕೊಟ್ಟು ಮಾತನಾಡಿದ್ದರು.

ಮಾತು ಎಂದರೆ ಎರಡೂ ಕಡೆಯಿಂದ ಬರಬೇಕು. 1995ರಲ್ಲಿ ಅಮೆರಿಕದ ಬೆಟ್ಟಿ ಹಾರ್ಟ್ ಮತ್ತು ಟಾಡ್ ರಿಸ್ಲಿ ಎಂಬ ಸಂಶೋಧಕರು ಕ್ಯಾನ್ಸಸ್‌ನ 42 ಕುಟುಂಬಗಳನ್ನು ಗಮನಿಸಿ, ಬಡವರ ಮನೆಯ ಮಗು ನಾಲ್ಕು ವರ್ಷ ತುಂಬುವಷ್ಟರಲ್ಲಿ ಸ್ಥಿತಿವಂತರ ಮಗುವಿಗಿಂತ ಮೂರು ಕೋಟಿ ಪದ ಕಡಿಮೆ ಕೇಳಿರುತ್ತದೆ ಎಂದು ಅಂದಾಜು ಮಾಡಿದರು. ಈ ಲೆಕ್ಕ ಎಲ್ಲೆಡೆ ಸುದ್ದಿಯಾಯಿತು. ಆಮೇಲೆ ಬಂದ ಸಂಶೋಧಕರು ಅದನ್ನು ಪ್ರಶ್ನಿಸಿದರು. ಮನೆಯಲ್ಲಿ ಅಜ್ಜಿ, ಅಕ್ಕ, ನೆರೆಯವರು ಆಡುವ ಮಾತನ್ನು ಸೇರಿಸಿಕೊಂಡರೆ ಚಿತ್ರ ಬೇರೆಯಾಗುತ್ತದೆ ಎಂದರು. ನಮ್ಮ ಊರಿನ ಮನೆಗಳನ್ನು ಕಂಡ ನನಗೆ ಈ ಆಕ್ಷೇಪ ಸರಿ ಎನಿಸುತ್ತದೆ. 2018ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು ನಾಲ್ಕರಿಂದ ಆರು ವರ್ಷದ ಮಕ್ಕಳಲ್ಲಿ ಕಂಡುಕೊಂಡದ್ದು ಇನ್ನೂ ಮುಖ್ಯ: ಕಿವಿಗೆ ಬಿದ್ದ ಒಟ್ಟು ಪದಗಳಿಗಿಂತ, ದೊಡ್ಡವರೊಂದಿಗೆ ಸರದಿಯಂತೆ ನಡೆದ ಮಾತುಕತೆಗೂ ಮಗುವಿನ ಭಾಷಾ ಬೆಳವಣಿಗೆಗೂ ಹೆಚ್ಚು ನಂಟಿದೆ. ಮನೆಯ ವರಮಾನ ಎಷ್ಟೇ ಇರಲಿ. ಮೊಬೈಲ್ ಎಷ್ಟು ಮಾತನಾಡಿದರೂ ಮಗುವಿನ ಉತ್ತರಕ್ಕಾಗಿ ಕಾಯುವುದಿಲ್ಲ.

ಇಲ್ಲೇ ಒಂದು ಮಾತು ಸೇರಿಸಬೇಕು. ಎರಡು ವರ್ಷ ತುಂಬಿದ ಮಗುವಿಗೆ ಸುಮಾರು ಐವತ್ತು ಪದಗಳೂ ಬರದಿದ್ದರೆ, "ಅಮ್ಮ ಬಾ", "ಹಾಲು ಬೇಕು" ಎಂದು ಎರಡು ಪದ ಜೋಡಿಸಲಾಗದಿದ್ದರೆ, "ಗಂಡುಮಕ್ಕಳು ತಡವಾಗಿ ಮಾತನಾಡುತ್ತಾರೆ" ಎಂದು ಕಾಯುತ್ತಾ ಕೂರಬೇಡಿ. ಮೊದಲು ಕಿವಿ ಪರೀಕ್ಷೆ ಮಾಡಿಸಿ. 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಇರುವುದೇ ಇದಕ್ಕೆ.

ಇನ್ನು ನನಗೆ ನಿಜಕ್ಕೂ ಸಿಟ್ಟು ಬರುವ ವಿಷಯ. ಮಗು ಮನೆಯಿಂದ ತಂದ ಪದವನ್ನು ಶಾಲೆಯಲ್ಲಿ "ತಪ್ಪು" ಎಂದು ಹೊಡೆದುಹಾಕುವುದು. ಹಳೇ ಮೈಸೂರಿನ ಕಡಲೆಕಾಯಿ ಧಾರವಾಡದಲ್ಲಿ ಶೇಂಗಾ, ಮಂಗಳೂರಿನಲ್ಲಿ ನೆಲಗಡಲೆ. ಒಂದು ಕಡೆಯ ಈಳಿಗೆಮಣೆ ಕರಾವಳಿಯಲ್ಲಿ ಮೆಟ್ಟುಕತ್ತಿ. ಇದರಲ್ಲಿ ಯಾವುದು ತಪ್ಪು? 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲ್ ನಿಘಂಟಿನಲ್ಲಿ ಹಳಗನ್ನಡ ಕಾವ್ಯದ ಪದಗಳ ಜೊತೆಗೆ ಜನರ ಆಡುಮಾತು, ಗಾದೆಗಳೂ ಸೇರಿವೆ. ನಿಘಂಟು ಮಾಡಿದವರಿಗೆ ಇಲ್ಲದ ಮಡಿ ನಾಲ್ಕನೇ ತರಗತಿಯ ನೋಟ್‌ಬುಕ್ ತಿದ್ದುವವರಿಗೆ ಯಾಕೆ? ಮಗು "ಶೇಂಗಾ" ಎಂದು ಬರೆದರೆ, "ಸರಿ, ಮೈಸೂರಿನವರು ಇದಕ್ಕೆ ಏನೆನ್ನುತ್ತಾರೆ ಗೊತ್ತೇ?" ಎಂದು ಕೇಳಿದರೆ ಒಂದರ ಜಾಗದಲ್ಲಿ ಎರಡು ಪದ ಬಂತು. ಹೊಡೆದುಹಾಕಿದರೆ ಆ ಮಗು ಮುಂದಿನ ಬಾರಿ ಕೈಯನ್ನೇ ಎತ್ತುವುದಿಲ್ಲ. ತುಳು, ಕೊಂಕಣಿ, ಉರ್ದು, ಲಂಬಾಣಿ ಆಡುವ ಮನೆಗಳ ಮಕ್ಕಳ ವಿಷಯದಲ್ಲೂ ಇದೇ. "ಮನೆಯಲ್ಲಿ ಕನ್ನಡವನ್ನೇ ಮಾತನಾಡಿ" ಎಂದು ಆ ತಾಯಂದಿರಿಗೆ ಹೇಳುವುದನ್ನು ದಯವಿಟ್ಟು ನಿಲ್ಲಿಸೋಣ. ತಾಯಿ ತನಗೆ ಸಲೀಸಾಗಿ ಬರುವ ಭಾಷೆಯಲ್ಲಿ ಧಾರಾಳವಾಗಿ ಮಾತನಾಡಲಿ. ಒಂದು ಭಾಷೆಯಲ್ಲಿ ತಿಳಿದ ವಿಷಯಕ್ಕೆ ಇನ್ನೊಂದು ಭಾಷೆಯ ಹೆಸರನ್ನು ಮಗು ಬೇಗ ಹಿಡಿಯುತ್ತದೆ.

1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ, ಸರ್ಕಾರಿ ಶಾಲೆಗಳ ನಲಿಕಲಿ ಪದ್ಧತಿಯಲ್ಲಿ ಒಂದರಿಂದ ಮೂರನೇ ತರಗತಿವರೆಗೆ ಹಾಡು, ಆಟ, ಕತೆ ಇವೆ. ನಾಲ್ಕಕ್ಕೆ ಬಂದ ಕೂಡಲೇ ಮಕ್ಕಳು ಪ್ರಶ್ನೋತ್ತರ ನಕಲು ಮಾಡುವ ಕೆಲಸಕ್ಕೆ ಬೀಳುತ್ತಾರೆ. ನಾನು ಕೊನೆಯ ಅವಧಿಯನ್ನು ಒಗಟಿಗೂ ಗಟ್ಟಿಯಾಗಿ ಓದುವುದಕ್ಕೂ ಇಟ್ಟುಕೊಂಡಿದ್ದೇನೆ. "ಕಾಸಿನ ಕುದುರೆಗೆ ಬಾಲದ ಲಗಾಮು" ಎಂದರೆ ಸೂಜಿ ದಾರ ಎಂದು ಹೊಳೆಯುವ ಮೊದಲು, ಕಾಸು ಯಾವುದು, ಲಗಾಮು ಎಲ್ಲಿ ಕಟ್ಟುತ್ತಾರೆ ಎಂದು ಮಕ್ಕಳೇ ಜಗಳವಾಡುತ್ತಾರೆ. ಕತೆ ಓದುವಾಗ ಪ್ರತಿ ಪದಕ್ಕೂ ನಿಂತು ಅರ್ಥ ಹೇಳುವುದಿಲ್ಲ. "ನರಿ ಪೊದೆಯ ಮರೆಯಲ್ಲಿ ಹೊಂಚು ಹಾಕಿ ಕುಳಿತಿತ್ತು" ಎಂದರೆ ಮುಂದೆ ಏನಾಗುತ್ತದೆ ಎಂಬುದರಿಂದಲೇ ಹೊಂಚು ತಿಳಿಯುತ್ತದೆ. ಮತ್ತೆ ಎರಡು ಕತೆಗಳಲ್ಲಿ ಅದೇ ಪದ ಬಂದರೆ ಅದು ಅವರದೇ ಆಗುತ್ತದೆ.

ಮಗುವಿಗೆ ಓದಲು ಬಂತು ಎಂದು ಮನೆಯಲ್ಲಿ ಓದಿ ಹೇಳುವುದನ್ನು ನಿಲ್ಲಿಸಬೇಡಿ. ಹತ್ತು ವರ್ಷದ ಮಗು ತಾನೇ ಓದಬಲ್ಲದ್ದಕ್ಕಿಂತ ಕಷ್ಟದ ಪುಸ್ತಕವನ್ನು ಕೇಳಿ ಅರ್ಥ ಮಾಡಿಕೊಳ್ಳುತ್ತದೆ. ಪುಸ್ತಕ ಕೊಳ್ಳಲು ಹಣವಿಲ್ಲದಿದ್ದರೆ ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ ಹೋಗಿ. 2020ರಲ್ಲಿ "ಓದುವ ಬೆಳಕು" ಕಾರ್ಯಕ್ರಮ ಶುರುವಾದಾಗಿನಿಂದ ಅಲ್ಲಿ ಮಕ್ಕಳಿಗೆ ಸದಸ್ಯತ್ವ ಉಚಿತ. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಮಕ್ಕಳ ಕತೆಗಳು ಹಣವಿಲ್ಲದೆ ಸಿಗುತ್ತವೆ. ಓದಲು ಬಾರದ ತಾಯಂದಿರು ನನ್ನ ಹತ್ತಿರ ಬಂದು "ನಾವೇನು ಮಾಡಬೇಕು ಮಿಸ್?" ಎಂದು ಕೇಳುತ್ತಾರೆ. ನಿಮ್ಮ ಅಮ್ಮ ನಿಮಗೆ ಹೇಳಿದ ಕತೆಯನ್ನು ಹೇಳಿ, ಆಮೇಲೆ ಅದೇ ಕತೆಯನ್ನು ಮಗುವಿನ ಬಾಯಿಂದ ಹೇಳಿಸಿ, ನಡುವೆ ತಿದ್ದಬೇಡಿ ಎನ್ನುತ್ತೇನೆ.