ನೀರಿನ ಘಟಕ ಎಲ್ಲಿದೆ ಎಂದು ಕೇಳಿದ್ದಕ್ಕೆ

‘ಕುಡಿಯುವ ನೀರು ಕ್ಯಾಂಟೀನ್ ಪಕ್ಕದಲ್ಲಿದೆ ಮೇಡಂ’ ಎಂಬ ಉತ್ತರ ಬಂತು.

ಉತ್ತರ ಕೊಟ್ಟವರು ಗೇಟಿನ ಕಾವಲುಗಾರರಾಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಅವರು ಆ ಕಾಲೇಜಿನ ಅಲೈಡ್ ಹೆಲ್ತ್ (ವೈದ್ಯರು, ನರ್ಸುಗಳಲ್ಲದ ಆರೋಗ್ಯ ತಂತ್ರಜ್ಞರ) ಪದವಿಗಳ ಸಂಯೋಜಕರು. ನಾನು ಕೇಳಿದ್ದು ಡಯಾಲಿಸಿಸ್ (ಮೂತ್ರಪಿಂಡ ಕೆಟ್ಟವರ ರಕ್ತವನ್ನು ಯಂತ್ರದಿಂದ ಶುದ್ಧೀಕರಿಸುವ ಚಿಕಿತ್ಸೆ) ಘಟಕಕ್ಕೆ ನೀರು ಶುದ್ಧೀಕರಿಸುವ ಕೋಣೆಯನ್ನು. ಅಣ್ಣನ ಮಗಳಿಗೆ ಡಯಾಲಿಸಿಸ್ ತಂತ್ರಜ್ಞಾನ ಓದುವ ಮನಸ್ಸಾಗಿದೆ, ಕಾಲೇಜು ನೋಡಲು ಅತ್ತೆಯೂ ಬರಲಿ ಎಂದಳು, ಹೋದೆ. ಅವಳು ಈಗ ‘ಅತ್ತೆಯನ್ನು ಕರೆದುಕೊಂಡು ಹೋಗಬಾರದಿತ್ತು’ ಎನ್ನುತ್ತಿದ್ದಾಳೆ. ಡಯಾಲಿಸಿಸ್ ತಂತ್ರಜ್ಞೆಯಾಗಿ ನನ್ನ ಅರ್ಧ ಆಯಸ್ಸು ಆ ಯಂತ್ರಗಳ ಪಕ್ಕದಲ್ಲೇ ಕಳೆದಿದೆ ಎಂದು ನಿಮಗೆಲ್ಲ ಗೊತ್ತು. ಹಾಗಾಗಿ ಸಿಟ್ಟನ್ನು ಮರೆಮಾಚುವ ಸೌಜನ್ಯ ನನ್ನಿಂದ ಸಾಧ್ಯವಿಲ್ಲ.

ನೀರಿಗೇಕೆ ಇಷ್ಟು ರಂಪ ಎನ್ನುವವರಿಗೆ ಒಂದು ಲೆಕ್ಕ. ಒಂದು ಬಾರಿಯ ಡಯಾಲಿಸಿಸ್ ಸಾಮಾನ್ಯವಾಗಿ 4 ಗಂಟೆ ನಡೆಯುತ್ತದೆ. ಯಂತ್ರದಲ್ಲಿ ಶುದ್ಧೀಕರಿಸಿದ ನೀರಿನಿಂದ ತಯಾರಿಸಿದ ದ್ರಾವಣ ನಿಮಿಷಕ್ಕೆ 500 ಮಿಲಿಲೀಟರ್ ಹರಿಯುತ್ತದೆ ಎಂದಿಟ್ಟುಕೊಂಡರೆ ಒಟ್ಟು 120 ಲೀಟರ್. ವಾರಕ್ಕೆ 3 ಬಾರಿ ಬರುವ ರೋಗಿಗೆ 360 ಲೀಟರ್. ರಕ್ತಕ್ಕೂ ಆ ದ್ರಾವಣಕ್ಕೂ ನಡುವೆ ಇರುವುದು ತೆಳುವಾದ ಪೊರೆ ಮಾತ್ರ. ನಲ್ಲಿ ನೀರಿನಲ್ಲಿರುವ, ರೋಗಾಣು ಕೊಲ್ಲಲು ಬಳಸುವ ಕ್ಲೋರಮೈನ್ ಇಂಗಾಲದ ಫಿಲ್ಟರ್ ದಾಟಿ ಬಂತೆಂದರೆ ಕೆಂಪು ರಕ್ತಕಣಗಳು ಒಡೆದುಹೋಗುತ್ತವೆ. ಅದಕ್ಕೇ ಪ್ರತಿ ಪಾಳಿಯಲ್ಲೂ ರೋಗಿಗಳನ್ನು ಯಂತ್ರಕ್ಕೆ ಜೋಡಿಸುವ ಮೊದಲು ಯಾರಾದರೊಬ್ಬರು ನೀರನ್ನು ಪರೀಕ್ಷಿಸಿ ಸಹಿ ಹಾಕಬೇಕು. ಆ ಸಹಿ ಹಾಕಬೇಕಾದವರನ್ನು ತಯಾರು ಮಾಡುತ್ತೇವೆಂದು ಫಲಕ ಹಾಕಿಕೊಂಡ ಜಾಗದಲ್ಲಿ ನನಗೆ ವಾಟರ್ ಕೂಲರ್ ತೋರಿಸಿದರು.

ಹಾಗಾದರೆ ಏನೇನು ತೋರಿಸಿದರು? ಸಭಾಂಗಣ. ಕೂರಿಸಿ, ತಿರುಗಿಸಿ, ಕೆಮ್ಮಿಸಬಹುದಾದ ಗೊಂಬೆ ರೋಗಿ. ಗೋಡೆ ತುಂಬ, ಕೆಲಸ ಸಿಕ್ಕ ವಿದ್ಯಾರ್ಥಿಗಳ ಫೋಟೋಗಳು. ನಾನು ಕೇಳಿದ್ದು ಒಂದೇ ಪ್ರಶ್ನೆ, ಬೇರೆ ಬೇರೆ ರೀತಿಯಲ್ಲಿ: ವಿದ್ಯಾರ್ಥಿಯ ಕೈ ಎಷ್ಟು ಹೊತ್ತು ರೋಗಿಯ ಮೈಮೇಲಿರುತ್ತದೆ, ಆಗ ಪಕ್ಕದಲ್ಲಿ ಯಾರಿರುತ್ತಾರೆ? ಎಷ್ಟು ಯಂತ್ರಗಳಿವೆ, ದಿನಕ್ಕೆ ಎಷ್ಟು ಪಾಳಿ, ಒಂದು ಯಂತ್ರಕ್ಕೆ ಎಷ್ಟು ಮಂದಿ ವಿದ್ಯಾರ್ಥಿಗಳು? ಉತ್ತರ: ‘ನಮ್ಮದು ಬಹಳ ದೊಡ್ಡ ಆಸ್ಪತ್ರೆ ಮೇಡಂ.’ ದೊಡ್ಡದು ಎಂದು ಕಣ್ಣಿಗೇ ಕಾಣುತ್ತಿತ್ತು, ಲಿಫ್ಟಿಗೆ ಕಾಯುವುದರಲ್ಲೇ ಸಾಕಾಗಿ ಹೋಯಿತು.

ಕೊನೆಗೆ ನನ್ನ ಕಾಟ ತಾಳಲಾರದೆ ಅಂತಿಮ ವರ್ಷದ ಒಂದು ಲಾಗ್‌ಬುಕ್ ತಂದು ಕೈಗಿಟ್ಟರು. ವಿದ್ಯಾರ್ಥಿ ಯಾವ ದಿನ ಯಾವ ರೋಗಿಗೆ ಏನು ಮಾಡಿದ, ಮೇಲ್ವಿಚಾರಕರು ನೋಡಿದರೇ ಎಂದು ಬರೆದಿಡುವ ಪುಸ್ತಕ ಅದು. ಪುಟ ತಿರುವಿದೆ. ತಿಂಗಳ ಎಲ್ಲ ಸಾಲುಗಳಿಗೂ ಒಂದೇ ಶಾಯಿ, ಒಂದೇ ಓರೆಯ ಸಹಿ. ಕೊನೆಯ ಕಾಲಂನಲ್ಲಿ ಮೇಲಿನಿಂದ ಕೆಳಗಿನವರೆಗೆ ‘ರೋಗಿ ಸ್ಥಿರ’, ‘ರೋಗಿ ಸ್ಥಿರ’, ‘ರೋಗಿ ಸ್ಥಿರ’. ಇಡೀ ತಿಂಗಳಲ್ಲಿ ಒಬ್ಬರಿಗೂ ರಕ್ತದೊತ್ತಡ ಕುಸಿದಿಲ್ಲ. ಒಬ್ಬರ ಕಾಲಿನ ಸ್ನಾಯುವೂ ಸೆಳೆತ ಹಿಡಿದಿಲ್ಲ. ರಕ್ತ ಸೋಸುವ ಒಂದು ಡಯಲೈಸರ್‌ನಲ್ಲೂ ರಕ್ತ ಹೆಪ್ಪುಗಟ್ಟಿಲ್ಲ. ಇಂಥ ಆಸ್ಪತ್ರೆ ನಿಜವಾಗಿಯೂ ಇದ್ದರೆ ದಯವಿಟ್ಟು ನನ್ನನ್ನು ಅಲ್ಲಿಗೆ ವರ್ಗಾಯಿಸಿ, ನಿವೃತ್ತಿಯವರೆಗೆ ನೆಮ್ಮದಿಯಾಗಿ ಇರುತ್ತೇನೆ.

ಕಾಲೇಜು ಅಳೆಯಬೇಕೆಂದರೆ ಈ ಪುಸ್ತಕವೊಂದು ಸಾಕು. ಪಠ್ಯಕ್ರಮ ನೋಡಿ ಪ್ರಯೋಜನವಿಲ್ಲ, ಅದು ಕಾಗದದ ಮೇಲೆ ಎಲ್ಲ ಕಡೆಯೂ ಚೆನ್ನಾಗಿಯೇ ಇರುತ್ತದೆ. ತಪ್ಪಾದದ್ದನ್ನು ಬರೆಯಲು ಧೈರ್ಯ ಕೊಡುವ ಕಾಲೇಜಿನಲ್ಲಿ ಲಾಗ್‌ಬುಕ್ ಗಲೀಜಾಗಿರುತ್ತದೆ. ‘ಒತ್ತಡ ಇಳಿಯಿತು, ರಕ್ತದಿಂದ ನೀರು ತೆಗೆಯುವ ವೇಗ ತಗ್ಗಿಸಿದೆವು, ಕಾಲು ಎತ್ತರಿಸಿದೆವು’ ಎಂದು ಮೂರು ಬಣ್ಣದ ಪೆನ್ನಿನಲ್ಲಿ, ಕಾಟು ಹೊಡೆದು, ಅಂಚಿನಲ್ಲಿ ಮೇಲ್ವಿಚಾರಕರ ಬೈಗುಳದ ಸಮೇತ ಇರುತ್ತದೆ.

ರೋಗಿಯ ತೋಳಿನ ಫಿಸ್ಟುಲಾ (ಡಯಾಲಿಸಿಸ್ ಸೂಜಿ ಚುಚ್ಚಲೆಂದು ರಕ್ತನಾಳಗಳನ್ನು ಶಸ್ತ್ರಕ್ರಿಯೆಯಿಂದ ಕೂಡಿಸಿದ ಜಾಗ) ಮೇಲೆ ಬೆರಳಿಟ್ಟರೆ ಒಳಗೆ ರಕ್ತ ಗೊರಗುಡುವುದು ತಿಳಿಯುತ್ತದೆ, ನಿದ್ದೆ ಹೋದ ಬೆಕ್ಕಿನ ಎದೆಯ ಹಾಗೆ. ಅದು ನಿಂತಿದ್ದರೆ ಸೂಜಿ ಕೆಳಗಿಟ್ಟು ವೈದ್ಯರನ್ನು ಕರೆಯಬೇಕು. ಮೊದಲ ಸಲ ಬೆರಳಿಟ್ಟವರಿಗೆ ಏನೂ ತಿಳಿಯುವುದಿಲ್ಲ. ಹತ್ತಾರು ತೋಳುಗಳನ್ನು ಮುಟ್ಟಿದ ಮೇಲೆ ಬೆರಳಿಗೆ ಬುದ್ಧಿ ಬರುತ್ತದೆ. ಇನ್ನೊಂದು ವಿಷಯ: ಎಷ್ಟೋ ಸಲ ರಕ್ತದೊತ್ತಡ ಕುಸಿಯುವ ಮುಂಚೆ ರೋಗಿ ಆಕಳಿಸುತ್ತಾನೆ. ಯಂತ್ರದ ಅಲಾರಂ ಬಡಿಯುವುದಕ್ಕೂ ಮೊದಲೇ ಅನುಭವಸ್ಥರು ಆ ಆಕಳಿಕೆಯನ್ನು ನೋಡಿ ಎದ್ದು ನಿಂತಿರುತ್ತಾರೆ. ಗೊಂಬೆಯ ಬಗ್ಗೆ ನನಗೆ ದ್ವೇಷವಿಲ್ಲ, ಮೊದಲ ಸೂಜಿಯನ್ನು ಅದಕ್ಕೆ ಚುಚ್ಚುವುದೇ ಕ್ಷೇಮ. ಆದರೆ ಆ ಗೊಂಬೆ ಆಕಳಿಸುವುದಿಲ್ಲ.

‘ಇದೆಲ್ಲ ಕೆಲಸಕ್ಕೆ ಸೇರಿದ ಮೇಲೆ ತಾನಾಗಿ ಬರುತ್ತದೆ, ಪದವಿ ಎಂದರೆ ಒಳಗೆ ಹೋಗಲು ಟಿಕೆಟ್ ಅಷ್ಟೇ’ ಎಂದು ಅಣ್ಣನೇ ವಾದಿಸಿದ. ಬರುತ್ತದೆ, ನಿಜ. ಯಾರ ತೋಳಿನ ಖರ್ಚಿನಲ್ಲಿ? ಕೆಲಸಕ್ಕೆ ಸೇರಿದ ಮೊದಲ ವಾರ ರಾತ್ರಿ ಪಾಳಿಯಲ್ಲಿ ಪಕ್ಕದಲ್ಲಿ ಯಾರೂ ಇಲ್ಲದಾಗ ಕಲಿಯಬೇಕಾದದ್ದನ್ನು ಕಾಲೇಜಿನಲ್ಲಿ ಕಲಿಯಲಿ ಎಂದಲ್ಲವೇ ಶುಲ್ಕ ಕಟ್ಟುವುದು? ಸ್ವಂತ ಆಸ್ಪತ್ರೆ ಇಲ್ಲದ ಸಣ್ಣ ಕಾಲೇಜುಗಳು ಎಲ್ಲಿಗೆ ಹೋಗಬೇಕು ಎಂದೂ ಕೇಳಿದ. ಬೇರೆ ಆಸ್ಪತ್ರೆಯೊಂದಿಗೆ ಲಿಖಿತ ಒಪ್ಪಂದ ಮಾಡಿಕೊಳ್ಳಲಿ, ನನ್ನ ತಕರಾರಿಲ್ಲ. ಆದರೆ ಅಲ್ಲಿ ರೋಗಿಗಳಿರಬೇಕು, ಕಲಿಸುವವರಿರಬೇಕು, ಆ ಒಪ್ಪಂದವನ್ನು ಕೇಳಿದವರಿಗೆ ತೋರಿಸಬೇಕು.

ಇದರ ಇನ್ನೊಂದು ತುದಿಯೂ ಇದೆ, ಅದು ಇನ್ನೂ ಕೆಟ್ಟದ್ದು. ಕೆಲವು ಕಡೆ ವಿದ್ಯಾರ್ಥಿ ದಿನವಿಡೀ ರೋಗಿಯ ಬಳಿಯೇ ಇರುತ್ತಾನೆ, ಏಕೆಂದರೆ ಸಂಬಳ ಕೊಟ್ಟು ಇಟ್ಟುಕೊಳ್ಳಬೇಕಾದ ತಂತ್ರಜ್ಞರೇ ಅಲ್ಲಿಲ್ಲ. ಇಂಟರ್ನ್‌ಶಿಪ್ ಎಂಬ ಹೆಸರಿನಲ್ಲಿ ಬಿಟ್ಟಿ ದುಡಿಮೆ. ಅದಕ್ಕೇ ಗಂಟೆಗಳ ಲೆಕ್ಕದ ಜೊತೆಗೆ ಪಕ್ಕದಲ್ಲಿ ಯಾರು ಎಂದೂ ಕೇಳುವುದು. ‘ಸಿಬ್ಬಂದಿ ರಜೆ ಹಾಕಿದರೆ ಯಂತ್ರ ನೋಡಿಕೊಳ್ಳುವವರು ಯಾರು?’ ಎಂದು ಕಾರಿಡಾರಿನಲ್ಲಿ ಸಿಕ್ಕ ಹುಡುಗಿಯೊಬ್ಬಳನ್ನು ಕೇಳಿದೆ. ಅವಳು ಸಂಯೋಜಕರ ಮುಖ ನೋಡಿದಳು. ನನಗೆ ಉತ್ತರ ಸಿಕ್ಕಿತು.

ಪಾಠ ಹೇಳುವವರ ಪಟ್ಟಿಯಲ್ಲಿ ವೈದ್ಯರ ಹೆಸರು ಸಾಲುಸಾಲಾಗಿತ್ತು. ಯಂತ್ರ ನಡೆಸಿ ಬದುಕಿದ ಒಬ್ಬ ತಂತ್ರಜ್ಞರೂ ಇರಲಿಲ್ಲ, ಅದೇ ಕಾಲೇಜಿನಿಂದ ಆಗಷ್ಟೇ ಹೊರಬಿದ್ದ ಒಬ್ಬ ಹುಡುಗನನ್ನು ಬಿಟ್ಟರೆ. ಪ್ರಾಂಶುಪಾಲರು ತಮ್ಮ ಭಾಷಣದಲ್ಲಿ ಇದು ‘ಈಗಷ್ಟೇ ಅರಳುತ್ತಿರುವ ಹೊಸ ಕ್ಷೇತ್ರ’ ಎಂದರು. ವೈದ್ಯ ವಿಲೆಮ್ ಕೋಲ್ಫ್ ನೆದರ್ಲೆಂಡ್ಸ್‌ನಲ್ಲಿ ಎರಡನೇ ಮಹಾಯುದ್ಧದ ನಡುವೆ ಸಾಸೇಜ್ ಸುತ್ತುವ ಸೆಲೋಫೇನ್ ಕೊಳವೆ ಬಳಸಿ ಕೃತಕ ಮೂತ್ರಪಿಂಡದಿಂದ ಚಿಕಿತ್ಸೆ ಶುರು ಮಾಡಿದ್ದು 1943ರಲ್ಲಿ. ಸಿಯಾಟಲ್‌ನ ವೈದ್ಯ ಬೆಲ್ಡಿಂಗ್ ಸ್ಕ್ರಿಬ್ನರ್ ರೋಗಿಯ ತೋಳಿನಲ್ಲಿ ಕಾಯಂ ಕೊಳವೆ ಇಟ್ಟು ದೀರ್ಘಕಾಲದ ಡಯಾಲಿಸಿಸ್‌ಗೆ ದಾರಿ ಮಾಡಿದ್ದು 1960ರಲ್ಲಿ. ಹೊಸದಂತೆ!

ಅದೇ ಭಾಷಣದಲ್ಲಿ ಇನ್ನೊಂದು ಮುತ್ತು ಉದುರಿತು: ‘ವೈದ್ಯಕೀಯ ಸೀಟು ತಪ್ಪಿದವರು ನಿರಾಶರಾಗಬೇಡಿ, ನಿಮಗೂ ಬಿಳಿ ಕೋಟು ಇದೆ.’ ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ. ನಾನೂ ವೈದ್ಯಕೀಯ ಸೀಟು ಸಿಗದೆ ಇಲ್ಲಿಗೆ ಬಂದವಳೇ. ಎಷ್ಟು ವರ್ಷವಾದರೂ ಆ ಮಾತು ಚುಚ್ಚುತ್ತದೆ, ಈ ಬರಹದ ಖಾರದಲ್ಲಿ ಒಂದು ಪಾಲು ಅದರದ್ದೇ. ಆದರೆ ಅಣ್ಣನ ಮಗಳು ಸೀಟು ತಪ್ಪಿ ಬರುತ್ತಿಲ್ಲ. ಅವಳ ಅಜ್ಜನನ್ನು ನೋಡಿಕೊಂಡ ತಂತ್ರಜ್ಞೆಯನ್ನು ಕಂಡು, ನನಗೆ ಇದೇ ಬೇಕು ಎಂದು ಹಟ ಹಿಡಿದವಳು. ಅವಳಿಗೇಕೆ ಸಮಾಧಾನ ಬಹುಮಾನ ಕೊಟ್ಟಂತೆ ಮಾತನಾಡಬೇಕು?

ಫೋಟೋ ಗೋಡೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎಷ್ಟು ಮಂದಿ ಸೇರಿದರು, ಎಷ್ಟು ಮಂದಿ ಸಕಾಲಕ್ಕೆ ಮುಗಿಸಿದರು, ಎಷ್ಟು ಮಂದಿ ಇದೇ ವೃತ್ತಿಯಲ್ಲಿದ್ದಾರೆ ಎಂದು ಕೇಳಿ, ಗೋಡೆ ತಾನಾಗಿ ಚಿಕ್ಕದಾಗುತ್ತದೆ. ಹಾಗೆಯೇ ಮಾನ್ಯತಾ ಪತ್ರ ತೋರಿಸಿದರೆ ಅದು ಇಡೀ ಕಾಲೇಜಿಗೆ ಸಿಕ್ಕಿದ್ದೋ ಈ ಕೋರ್ಸಿಗೆ ಸಿಕ್ಕಿದ್ದೋ ಓದಿ ನೋಡಿ. ಮುಗಿಸಿದ ಮೇಲೆ ವೃತ್ತಿ ನೋಂದಣಿ ಸಿಗುವುದೇ ಎಂದು ಅವರ ಬಾಯಿಂದಲ್ಲ, ನೋಂದಣಿ ಮಾಡುವವರಿಂದಲೇ ಕೇಳಿಕೊಳ್ಳಿ.

ಆ ಕಾಲೇಜಿನಿಂದ ದಿನಕ್ಕೆ ಎರಡು ಸಲ ಫೋನು ಬರುತ್ತಿದೆ, ಸೀಟುಗಳು ಮುಗಿಯುತ್ತಿವೆಯಂತೆ. ಹುಡುಗಿ ಇನ್ನೊಂದು ಕಾಲೇಜಿನ ಡಯಾಲಿಸಿಸ್ ಘಟಕದಲ್ಲಿ ಒಂದು ಪೂರ್ತಿ ಪಾಳಿ ಕುಳಿತು ನೋಡಲು ಅನುಮತಿ ಕೇಳಿ ಪತ್ರ ಬರೆದಿದ್ದಾಳೆ, ಒಬ್ಬಳೇ ಹೋಗುತ್ತಾಳಂತೆ. ಪ್ರಯೋಗಾಲಯ, ರೇಡಿಯಾಲಜಿ, ಅರಿವಳಿಕೆ ವಿಭಾಗಗಳಲ್ಲಿರುವ ಸ್ನೇಹಿತರು ನಿಮ್ಮ ನಿಮ್ಮ ‘ನೀರಿನ ಘಟಕ’ ಯಾವುದು, ಕಾಲೇಜಿನಲ್ಲಿ ಏನು ಕೇಳಿದರೆ ಬಣ್ಣ ಬಯಲಾಗುತ್ತದೆ ಎಂದು ಕೆಳಗೆ ಬರೆಯಿರಿ, ನನಗೆ ಗೊತ್ತಿರುವುದು ನನ್ನ ವಿಭಾಗ ಮಾತ್ರ. ‘ಎಲ್ಲ ಕಡೆಯೂ ಹೀಗೆಯೇ’ ಎಂದು ಬರೆಯಲು ಹೊರಟವರು ಶ್ರಮ ತೆಗೆದುಕೊಳ್ಳಬೇಡಿ. ಅದನ್ನು ಪ್ರಾಂಶುಪಾಲರು ಗೇಟಿನವರೆಗೂ ಬಂದು ನನಗೆ ಹೇಳಿ ಕಳುಹಿಸಿದ್ದಾರೆ.