ಚಾವಣಿಗೆ ಲೈಸೆನ್ಸ್ ಬೇಡ, ಕ್ಷೌರಕ್ಕೆ ಬೇಕು

ತಿಪಟೂರಿನಲ್ಲಿ ನಮ್ಮ ಮನೆ ಹನ್ನೆರಡು ಚದರ. ಒಂದು ಚದರ ಅಂದರೆ ನೂರು ಚದರಡಿ. ಮೇಸ್ತ್ರಿ ರೇಟು ಹೇಳುವುದೂ ಚದರಕ್ಕೆ ಇಷ್ಟು ಅಂತಲೇ. ಈಗ ನಾನಿರುವುದು ಟೆಕ್ಸಾಸ್‌ನಲ್ಲಿ, ಡಲ್ಲಾಸ್ ಪಕ್ಕದ ಪ್ಲೇನೋದಲ್ಲಿ. ಆಲಿಕಲ್ಲು ಮಳೆಗೆ ನಮ್ಮ ಚಾವಣಿ ಹಾಳಾದಾಗ ಬಂದ ಎಸ್ಟಿಮೇಟ್‌ನಲ್ಲಿ 32 ಸ್ಕ್ವೇರ್ ಎಂದಿತ್ತು. ಇಲ್ಲಿನ ಚಾವಣಿಯವರ ಸ್ಕ್ವೇರ್ ಕೂಡ ನೂರು ಚದರಡಿಯೇ! ಊರಿನವನೇ ಸಿಕ್ಕಷ್ಟು ಖುಷಿಯಾಗಿ ಸಹಿ ಹಾಕಿಬಿಟ್ಟೆ.

ಆ ಎಸ್ಟಿಮೇಟ್ ಕೊಟ್ಟ ಚಾವಣಿ ಕಾಂಟ್ರ್ಯಾಕ್ಟರನ್ನು ನಾನು ಹುಡುಕಿಕೊಂಡು ಹೋಗಿರಲಿಲ್ಲ. ಮಳೆ ನಿಂತ ಮೂರನೇ ದಿನ ಅವನೇ ಬಾಗಿಲು ತಟ್ಟಿದ್ದ. ಇನ್ಶೂರೆನ್ಸ್‌ನಲ್ಲಿ ನಮ್ಮ ಕೈಯಿಂದ ಹೋಗಬೇಕಾದ ಡಿಡಕ್ಟಿಬಲ್ ಇರುತ್ತಲ್ಲ, "ಅದನ್ನು ನಾನು ನೋಡಿಕೊಳ್ತೀನಿ ಬಿಡಿ" ಅಂದ. ಹಾಗೆ ಬಿಟ್ಟುಕೊಡುವುದು 2019ರಿಂದ ಈ ರಾಜ್ಯದಲ್ಲಿ ಅಪರಾಧ ಅಂತ ನನಗೆ ಗೊತ್ತಿರಲಿಲ್ಲ. ಅವನಿಗೆ ಗೊತ್ತಿತ್ತು. ಮೊದಲ ಚೆಕ್ ತೆಗೆದುಕೊಂಡ, ಎರಡು ದಿನದಲ್ಲಿ ಶಿಂಗಲ್ಸ್ (ಹೆಂಚಿನ ಬದಲು ಇಲ್ಲಿ ಚಾವಣಿಗೆ ಹೊಡೆಯುವ ಹಾಳೆಗಳು) ಹೊಡೆಸಿದ, ಚಿಮಣಿ ಸುತ್ತಲಿನ ಹಳೇ ತಗಡನ್ನು ಹಾಗೇ ಬಿಟ್ಟು ಹೋದ. ಮರುವರ್ಷದ ಮೊದಲ ದೊಡ್ಡ ಮಳೆಗೆ ಹಾಲ್‌ನಲ್ಲಿ ಬಕೆಟ್ ಇಟ್ಟೆವು. ಫೋನ್ ಮಾಡಿದರೆ ಆ ನಂಬರೇ ಇಲ್ಲ.

ಲೈಸೆನ್ಸ್ ಕೊಟ್ಟವರಿಗೆ ದೂರು ಕೊಡೋಣ ಅಂತ ಹೊರಟೆ. ಆಗ ಗೊತ್ತಾಯಿತು, ಟೆಕ್ಸಾಸ್‌ನಲ್ಲಿ ಚಾವಣಿ ಹಾಕುವವನಿಗೆ ಲೈಸೆನ್ಸ್ ಅನ್ನುವುದೇ ಇಲ್ಲ. ಇಡೀ ಮನೆ ಕಟ್ಟುವ ಜನರಲ್ ಕಾಂಟ್ರ್ಯಾಕ್ಟರ್‌ಗೂ ರಾಜ್ಯದ ಲೈಸೆನ್ಸ್ ಬೇಕಿಲ್ಲ. ಎಲೆಕ್ಟ್ರಿಷಿಯನ್, ಪ್ಲಂಬರ್, ಏಸಿ ರಿಪೇರಿಯವನಿಗೆ ಬೇಕು. ಕೆಲವು ಊರುಗಳಲ್ಲಿ ಕಾಂಟ್ರ್ಯಾಕ್ಟರ್ ಹೆಸರು ನೋಂದಾಯಿಸಬೇಕು, ಪರ್ಮಿಟ್ ತೆಗೆಸಬೇಕು, ಅಷ್ಟೇ. ತಮಾಷೆ ಅಂದರೆ ನನ್ನ ತಲೆಗೂದಲು ಕತ್ತರಿಸುವವನಿಗೆ ಲೈಸೆನ್ಸ್ ಕಡ್ಡಾಯ. ಕೂದಲಾದರೆ ಮತ್ತೆ ಬೆಳೆಯುತ್ತೆ, ಅಲ್ವಾ?

ಪ್ರಯತ್ನವೇ ಆಗಿಲ್ಲ ಅಂತಲ್ಲ. ಮನೆ ಕಟ್ಟುವವರ ಮೇಲೆ ಕಣ್ಣಿಡಲು 2003ರಲ್ಲಿ ಒಂದು ಆಯೋಗ ಮಾಡಿದ್ದರು. ಅದು ಕಟ್ಟಿಸುವವರಿಗಿಂತ ಬಿಲ್ಡರ್‌ಗಳಿಗೇ ಅನುಕೂಲ ಎಂಬ ದೂರು ಜಾಸ್ತಿಯಾಯಿತು. 2009ರಲ್ಲಿ ಶಾಸನಸಭೆ ಅದನ್ನು ಮುಂದುವರಿಸಲಿಲ್ಲ.

ಕ್ಯಾಲಿಫೋರ್ನಿಯಾದಲ್ಲಿ ಲೆಕ್ಕ ಪೂರಾ ಉಲ್ಟಾ. ಅಲ್ಲಿ ನಾಲ್ಕು ವರ್ಷದ ಅನುಭವ ತೋರಿಸಬೇಕು, ಪರೀಕ್ಷೆ ಬರೆಯಬೇಕು, ಕೆಲಸ ಕೆಟ್ಟರೆ ಪರಿಹಾರಕ್ಕೆ ಅಂತ 25,000 ಡಾಲರ್ ಬಾಂಡ್ ಕೊಡಬೇಕು. ಇದು ನನಗೆ ಅತಿ ಅನಿಸುತ್ತದೆ. ನಮ್ಮ ಬೀದಿಯಲ್ಲಿ ಬಿಸಿಲಿನಲ್ಲಿ ಚಾವಣಿ ಹತ್ತಿದ ಹುಡುಗರು ಮಾತಾಡುತ್ತಿದ್ದದ್ದು ಸ್ಪ್ಯಾನಿಷ್. ಅವರಲ್ಲೊಬ್ಬ ನಾಳೆ ಒಂದು ಏಣಿ, ಒಂದು ಹಳೇ ಪಿಕಪ್ ಇಟ್ಟುಕೊಂಡು ತಾನೇ ಕಾಂಟ್ರ್ಯಾಕ್ಟರ್ ಆಗಬಹುದು. ಅದು ಟೆಕ್ಸಾಸ್‌ನ ಒಳ್ಳೇ ಗುಣವೇ. ಒಂದೇ ರಾತ್ರಿಗೆ ಸಾವಿರಾರು ಚಾವಣಿ ಹಾಳಾದಾಗ ಪರೀಕ್ಷೆ ಪಾಸಾದವರಿಗಾಗಿ ಕಾಯುತ್ತಾ ಕೂರುವುದೂ ಕಷ್ಟ. ಆದರೆ ಕ್ಯಾಲಿಫೋರ್ನಿಯಾದ ಒಂದು ನಿಯಮಕ್ಕೆ ಕೈ ಮುಗಿಯಬೇಕು. ಮನೆ ರಿಪೇರಿಗೆ ಮುಂಗಡ ಅಂತ ಒಟ್ಟು ಮೊತ್ತದ ಶೇಕಡ 10 ಅಥವಾ 1,000 ಡಾಲರ್, ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟೇ ಕೇಳಬಹುದು.

ಅಪ್ಪನಿಗೆ ಇದನ್ನೆಲ್ಲ ಹೇಳಿದಾಗ ಅವರು ಕೇಳಿದ್ದು ಒಂದೇ. "ಯಾವೂರವನಪ್ಪಾ ಅವನು?" ನನ್ನ ಹತ್ತಿರ ಉತ್ತರ ಇರಲಿಲ್ಲ. ಅವನ ಗಾಡಿಯ ನಂಬರ್ ಪ್ಲೇಟು ಬೇರೆ ರಾಜ್ಯದ್ದು ಅನ್ನುವುದಷ್ಟೇ ನೆನಪು.

ಕಾನೂನಿನ ಮಟ್ಟಿಗೆ ತಿಪಟೂರಿಗೂ ಟೆಕ್ಸಾಸ್‌ಗೂ ಹೆಚ್ಚು ವ್ಯತ್ಯಾಸ ಇಲ್ಲ. ಲೋಕೋಪಯೋಗಿ ಇಲಾಖೆಯ ಕೆಲಸಕ್ಕೆ ನೋಂದಾಯಿತ ಗುತ್ತಿಗೆದಾರನೇ ಬೇಕು. ವೈರಿಂಗ್‌ಗೂ ಲೈಸೆನ್ಸ್ ಇದ್ದವನ ಸಹಿ ಕೇಳುತ್ತಾರೆ. ಗಾರೆ ಮೇಸ್ತ್ರಿಗೆ ಮಾತ್ರ ಯಾವ ಕಾಗದವೂ ಇಲ್ಲ. ನಮ್ಮ ಮೇಸ್ತ್ರಿಯೂ ಸಾಚಾ ಮನುಷ್ಯನೇನಲ್ಲ. ಅಡ್ವಾನ್ಸ್ ಈಸಿಕೊಂಡು ಹದಿನೈದು ದಿನ ಇನ್ನೊಬ್ಬರ ಪಾಯ ತೆಗೆಯಲು ಹೋಗಿದ್ದ. ಮೋಲ್ಡ್ ಹಾಕಿದ ದಿನ ಬಾಡೂಟ ಬೇಕೇ ಬೇಕು ಅಂತ ಹಟ ಹಿಡಿದಿದ್ದ. ಆದರೆ ಎರಡು ವರ್ಷದ ಮೇಲೆ ಪ್ಯಾರಾಪೆಟ್ ಬಿರುಕು ಬಿಟ್ಟಾಗ ಅಪ್ಪ ಬೆಳಿಗ್ಗೆ ಟೀ ಅಂಗಡಿಗೆ ಹೋಗಿ, ನಾಲ್ಕು ಜನರ ಮುಂದೆ, "ಏನ್ ಮೇಸ್ತ್ರಿ, ಗೋಡೆ ನಿನ್ನ ಹೆಸರು ಹೇಳ್ತಿದೆ" ಅಂದರು. ಮಧ್ಯಾಹ್ನಕ್ಕೆಲ್ಲ ಕರಣೆ ಹಿಡಿದು ಬಂದಿದ್ದ. ಬರದೆ ಏನು ಮಾಡುತ್ತಾನೆ? ಅವನ ಮನೆ ಹಿಂದಿನ ಬೀದಿಯಲ್ಲೇ ಇತ್ತು. ಬೆಂಗಳೂರಿನಲ್ಲಿ ಈಗ ಈ ಉಪಾಯ ನಡೆಯಲ್ಲ ಬಿಡಿ, ಅಲ್ಲೂ ಕೆಲಸ ಮುಗಿದ ಮೇಲೆ ಯಾರು ಎಲ್ಲಿಗೆ ಹೋದರೋ ತಿಳಿಯದು.

ಟೆಕ್ಸಾಸ್ ಪರೀಕ್ಷೆ ಇಡಲಿ ಅಂತ ನಾನು ಕೇಳುವುದಿಲ್ಲ. ಚಾವಣಿ ಹತ್ತುವ ಮೊದಲು ಹೆಸರು, ವಿಳಾಸ, ಇನ್ಶೂರೆನ್ಸ್ ಮೂರನ್ನೂ ರಾಜ್ಯದ ಒಂದು ಪಟ್ಟಿಯಲ್ಲಿ ಬರೆಸಲಿ. ಇದರ ಅರ್ಧ ಕಾನೂನಿನಲ್ಲಿ ಈಗಲೇ ಇದೆ. ಸರ್ಕಾರ ವಿಕೋಪ ಅಂತ ಘೋಷಿಸಿದ ಮೇಲೆ ದುರಸ್ತಿಗೆ ಬರುವ ಹೊರಗಿನವನು ಮುಂಗಡ ಕೇಳುವಂತಿಲ್ಲ. ಅದೇ ಕೌಂಟಿಯಲ್ಲೋ (ನಮ್ಮ ಜಿಲ್ಲೆ ಇದ್ದ ಹಾಗೆ) ಪಕ್ಕದ ಕೌಂಟಿಯಲ್ಲೋ ಕನಿಷ್ಠ ಒಂದು ವರ್ಷದಿಂದ ವ್ಯವಹಾರದ ವಿಳಾಸ ಇದ್ದವನಿಗೆ ಮಾತ್ರ ವಿನಾಯಿತಿ. ಅಂದರೆ ಅಪ್ಪನ ಪ್ರಶ್ನೆ ಕಾನೂನಿಗೂ ಹೊಳೆದಿದೆ. ನಮ್ಮ ಬಡಾವಣೆಗೆ ಬಿದ್ದ ಆಲಿಕಲ್ಲನ್ನು ಯಾರೂ ವಿಕೋಪ ಅಂತ ಘೋಷಿಸಲಿಲ್ಲ.

ಸೋರುವುದನ್ನು ನಿಲ್ಲಿಸಲು ಎರಡನೇ ಸಲ ಕರೆದವನ ಗೋಡೌನ್ ನಮ್ಮ ಮನೆಯಿಂದ ನಾಲ್ಕು ಮೈಲಿ. ಸುಮ್ನೆ ಒಂದು ಭಾನುವಾರ ಅತ್ತ ಕಾರು ಓಡಿಸಿಕೊಂಡು ಹೋಗಿ, ಬೋರ್ಡು ನೋಡಿಕೊಂಡು ಬಂದೆ. ಕೊನೆಯ ಕಂತಿನ ಚೆಕ್ ಒಂದು ಮಳೆ ಬಂದ ಮೇಲೆ ಕೊಡುತ್ತೇನೆ ಅಂದೆ. ಅವನು ನಕ್ಕು ಒಪ್ಪಿಕೊಂಡ.